ಆಫೀಸ್ ಫೋನು ಇಂಟರ್‌ನೆಟ್‌ಗೆ ಹೋದಾಗ ಎಲ್ಲಿ ಕೈಕೊಡುತ್ತೆ, ಯಾಕೆ?

[ದೃಶ್ಯ: ಪೀಣ್ಯದ ಒಂದು ಬಿಡಿಭಾಗಗಳ ಅಂಗಡಿಯ ಆಫೀಸು. ಮೇಜಿನ ಮೇಲೆ ಹೊಸ ಐಪಿ ಫೋನು (ಇಂಟರ್‌ನೆಟ್ ಮೂಲಕ ಮಾತು ಸಾಗಿಸುವ ಫೋನು) ರಿಂಗಾಗುತ್ತದೆ.]

ಗ್ರಾಹಕ: ಸಾರ್, ಆ ಬೇರಿಂಗು ಯಾವತ್ತು ಬರುತ್ತೆ?
ಸಿಬ್ಬಂದಿ: ಹಲೋ? ಹಲೋ, ಮಾತಾಡಿ ಸಾರ್...
ಗ್ರಾಹಕ: ಮಾತಾಡ್ತಾನೇ ಇದೀನಲ್ಲ ಸಾರ್, ಕೇಳಿಸ್ತಿಲ್ವಾ?
ಸಿಬ್ಬಂದಿ: ಹಲೋ? ಯಾರು ಸಾರ್ ಮಾತಾಡೋದು?

ನಿರೂಪಣೆ: ಒಂದು ಕಡೆ ಕೇಳಿಸುತ್ತಿದೆ, ಇನ್ನೊಂದು ಕಡೆ ಇಲ್ಲ. ಇಂಥದ್ದಾದ ಕೂಡಲೇ ಆಫೀಸಿನಲ್ಲಿ ಬರುವ ಮೊದಲ ಮಾತು, ‘ನೆಟ್ ಸ್ಲೋ ಇದೆ, ಪ್ಲಾನ್ ಜಾಸ್ತಿ ಮಾಡಿಸಿ’. 100 ಎಂಬಿಪಿಎಸ್ ಇದ್ದದ್ದು 300 ಆಗುತ್ತದೆ. ಕರೆ ಮಾತ್ರ ಹಾಗೇ ಇರುತ್ತದೆ. ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ. ವೇಗ ಎಷ್ಟು ಬೇಕು ಅನ್ನುವುದನ್ನು ಮೊದಲು ಲೆಕ್ಕ ಹಾಕಿಬಿಡೋಣ.

[ಪರದೆ ಮೇಲೆ: ಬಿಳಿ ಹಲಗೆ, ಕೈಬರಹದ ಲೆಕ್ಕ]

ಆಫೀಸಿನಲ್ಲಿ 30 ಜನ ಅಂದುಕೊಳ್ಳಿ. ಬೆಳಿಗ್ಗೆ 11ರಿಂದ 12 ಅತಿ ಗಡಿಬಿಡಿಯ ಹೊತ್ತು. ಆ ಒಂದು ಗಂಟೆಯಲ್ಲಿ ಒಬ್ಬೊಬ್ಬರು ಸರಾಸರಿ 6 ನಿಮಿಷ ಫೋನಿನಲ್ಲಿರುತ್ತಾರೆ. ಒಟ್ಟು 180 ನಿಮಿಷ, ಅಂದರೆ 3 ಗಂಟೆ. ಟೆಲಿಕಾಂನವರು ಇದನ್ನು 3 ಅರ್ಲಾಂಗ್ ಅನ್ನುತ್ತಾರೆ. ಅರ್ಲಾಂಗ್ ಬಿ ಸೂತ್ರಕ್ಕೆ ಹಾಕಿದರೆ, 7 ಚಾನೆಲ್, ಅಂದರೆ ಒಂದೇ ಹೊತ್ತಿಗೆ 7 ಕರೆಗೆ ಜಾಗ, ಇದ್ದಾಗ ನೂರರಲ್ಲಿ ಸುಮಾರು 2 ಕರೆಗೆ ಲೈನ್ ಬ್ಯುಸಿ ಸಿಗುತ್ತದೆ. 8 ಇದ್ದರೆ ಅದು ಒಂದಕ್ಕಿಂತ ಕೆಳಗಿಳಿಯುತ್ತದೆ. ಎಂಟು ಸಾಕು. ಕಚೇರಿಗಳಿಗೆ ಟೆಲಿಫೋನ್ ಕಂಪನಿ ಕೊಡುವ ಹಳೆಯ ಪಿಆರ್‌ಐ ಲೈನು ಬರುವುದೇ 30 ಚಾನೆಲ್ಲಿನ ಕಟ್ಟಾಗಿ. ಇಂಟರ್‌ನೆಟ್ ರೀತಿಯಲ್ಲಿ ಬರುವ ಲೈನಿಗೆ ಸಿಪ್ ಟ್ರಂಕ್ ಎನ್ನುತ್ತಾರೆ; ಸಿಪ್ ಅಂದರೆ ಕರೆ ಜೋಡಿಸುವ, ಮುಗಿಸುವ ಸಂದೇಶಗಳ ಭಾಷೆ. ಅದರಲ್ಲಿ ಬೇಕಾದಷ್ಟೇ ಚಾನೆಲ್ ಕೇಳಬಹುದು. ಬದಲಾಯಿಸುವುದರಲ್ಲಿ ನಿಜವಾದ ಲಾಭ ಇರುವುದು ಇಲ್ಲಿ.

ಈಗ ಒಂದು ಕರೆಯ ತೂಕ. ಮಾತನ್ನು ಡಿಜಿಟಲ್ ಆಗಿಸುವ ಕ್ರಮಕ್ಕೆ ಕೋಡೆಕ್ ಎನ್ನುತ್ತಾರೆ. ಜಿ.711 ಎಂಬ ಕೋಡೆಕ್ ಮಾತನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತದೆ. ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿ ಪ್ಯಾಕೆಟ್ಟಿನಲ್ಲಿ ಮಾತು 160 ಬೈಟ್, ಮೇಲೆ ಅಂಟಿಸಿದ ವಿಳಾಸ ಚೀಟಿಗಳು 40 ಬೈಟ್, ಈಥರ್‌ನೆಟ್‌ನದು 18. ಒಟ್ಟು 218 ಬೈಟ್. ಲೆಕ್ಕ ಹಾಕಿದರೆ 87.2 ಕೆಬಿಪಿಎಸ್. ಎಂಟು ಕರೆಗೆ ಹೋಗುವ ದಾರಿಯಲ್ಲಿ ಸುಮಾರು 700 ಕೆಬಿಪಿಎಸ್, ಬರುವ ದಾರಿಯಲ್ಲಿ ಅಷ್ಟೇ. ಒಂದು ಎಂಬಿಪಿಎಸ್ ಕೂಡ ಆಗಲಿಲ್ಲ!

ಹಾಗಾದರೆ ಕರೆ ಕೆಡುವುದು ಎಲ್ಲಿ? ಸಾಲಿನಲ್ಲಿ.

[ದೃಶ್ಯ: ತುಮಕೂರು ರಸ್ತೆ, ಲಾರಿಗಳ ಸಾಲು, ಹಿಂದೆ ಸಿಕ್ಕಿಕೊಂಡ ಆಂಬುಲೆನ್ಸ್]

ಹನ್ನೊಂದೂವರೆಗೆ ಲೆಕ್ಕಪತ್ರದ ಬ್ಯಾಕಪ್ ಶುರುವಾಯಿತು, ಅಥವಾ ಸಿಸಿಟಿವಿ ತನ್ನ ದೃಶ್ಯಗಳನ್ನು ಕ್ಲೌಡ್‌ಗೆ ಕಳಿಸತೊಡಗಿತು. ಅಪ್‌ಲೋಡ್ 10 ಎಂಬಿಪಿಎಸ್ ಇದೆ, ರೂಟರಿನಲ್ಲಿ 1 ಮೆಗಾಬೈಟ್ ಸಾಲು ನಿಂತಿದೆ ಅಂದರೆ ಆ ಸಾಲು ಕರಗಲು 0.8 ಸೆಕೆಂಡ್ ಬೇಕು. ನಿಮ್ಮ ಮಾತಿನ ಪುಟ್ಟ ಪ್ಯಾಕೆಟ್ಟು ಅದರ ಹಿಂದೆ ನಿಲ್ಲುತ್ತದೆ. ಸಂಭಾಷಣೆ ಸಲೀಸಾಗಿರಬೇಕಾದರೆ ಒಂದು ಕಡೆಯ ತಡ 150 ಮಿಲಿಸೆಕೆಂಡ್ ದಾಟಬಾರದು ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಜಿ.114 ಶಿಫಾರಸು. ಇಲ್ಲಿ ಅದರ ಐದು ಪಟ್ಟು ಆಗಿಹೋಯಿತು. ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ.

ಟೆಲಿಕಾಂ ಕಂಪನಿಗಳು ಇದನ್ನು ಹೇಗೆ ದಾಟಿದವು ಎಂದು ನೋಡುವುದು ಒಳ್ಳೆಯದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಶುರುವಾದಾಗ ಅದರ ಬಳಿ 2ಜಿಯೂ ಇರಲಿಲ್ಲ, 3ಜಿಯೂ ಇರಲಿಲ್ಲ. ಪ್ರತಿ ಕರೆಯೂ ವೋಲ್ಟಿ, ಅಂದರೆ ಐಪಿ ಪ್ಯಾಕೆಟ್ಟು. ಒಳಗೆ ಓಡುವುದು ನಿಮ್ಮ ಆಫೀಸಿನ ಐಪಿ ಫೋನಿನಲ್ಲಿರುವ ಅದೇ ಸಿಪ್. ಆದರೆ 4ಜಿಯಲ್ಲಿ ಮಾತಿಗೆಂದೇ ಬೇರೆ ದಾರಿ ತೆರೆಯುತ್ತಾರೆ. ಕ್ಯೂಸಿಐ 1 ಎಂದು ಅದರ ಗುರುತು. ಅಲ್ಲಿ 100 ಮಿಲಿಸೆಕೆಂಡಿನ ತಡದ ಮಿತಿಯಿದೆ, ಖಾತ್ರಿ ವೇಗವಿದೆ. ಪಕ್ಕದವರು ವಿಡಿಯೋ ನೋಡುತ್ತಿದ್ದರೂ ಆ ದಾರಿಗೆ ಅಡ್ಡಿಯಿಲ್ಲ. ವಾಟ್ಸ್‌ಆ್ಯಪ್ ಕರೆಗೆ ಆ ದಾರಿ ಇಲ್ಲ, ಅದು ಉಳಿದ ಡೇಟಾದ ಜೊತೆ ನೂಕುನುಗ್ಗಲಿನಲ್ಲೇ ಹೋಗುತ್ತದೆ. ನಿಮ್ಮ ಆಫೀಸಿನಲ್ಲೂ ಆ ದಾರಿಯನ್ನು ಯಾರಾದರೂ ಹಾಕಿಕೊಡದ ಹೊರತು ತಾನಾಗಿ ಇರುವುದಿಲ್ಲ.

[ಪರದೆ ಮೇಲೆ: ರೂಟರಿನ ಸೆಟ್ಟಿಂಗ್ಸ್ ಪುಟ]

ಹಾಕುವುದು ಹೀಗೆ. ಫೋನುಗಳಿಗೆ ಬೇರೆ ವಿಲ್ಯಾನ್, ಅಂದರೆ ಅದೇ ತಂತಿಗಳ ಮೇಲೆ ಪ್ರತ್ಯೇಕ ಜಾಲ, ಮಾಡಿ. ಫೋನಿನಲ್ಲಿ ಮಾತಿನ ಡಿಎಸ್‌ಸಿಪಿ (ಪ್ಯಾಕೆಟ್ಟಿನ ಮೇಲಿನ ಆದ್ಯತೆಯ ಗುರುತು) ಬೆಲೆ 46 ಇರಲಿ, ರೂಟರಿನಲ್ಲಿ 46ಕ್ಕೆ ಮೊದಲ ಸರದಿ. ಮುಖ್ಯವಾದದ್ದು ಮುಂದಿನದು, ಹಲವರು ಬಿಡುವುದೂ ಇದನ್ನೇ: ರೂಟರಿನ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ನೂರಕ್ಕೆ 90ಕ್ಕೆ ಕಟ್ಟಿ. ಆಗ ಸಾಲು ನಿಮ್ಮ ರೂಟರಿನಲ್ಲೇ ನಿಲ್ಲುತ್ತದೆ, ಯಾರು ಮುಂದೆ ಎಂದು ನೀವೇ ಹೇಳಬಹುದು. ಕಟ್ಟದಿದ್ದರೆ ಸಾಲು ಫೈಬರ್ ಮೋಡೆಮ್ಮಿನಲ್ಲಿ ನಿಲ್ಲುತ್ತದೆ. ಅದಕ್ಕೆ ನಿಮ್ಮ 46 ಲೆಕ್ಕಕ್ಕಿಲ್ಲ. ಇನ್ನು, ಸಾಮಾನ್ಯ ಬ್ರಾಡ್‌ಬ್ಯಾಂಡಿನಲ್ಲಿ ಹೊರಗಿನಿಂದ ಬರುವ ದಾರಿ ನಿಮ್ಮ ಕೈಯಲ್ಲಿಲ್ಲ. ದಿನವಿಡೀ ಫೋನಿನಲ್ಲೇ ವ್ಯಾಪಾರ ನಡೆಸುವವರು ಟ್ರಂಕ್ ಕೊಡುವ ಕಂಪನಿಯಿಂದಲೇ ಮಾತಿಗೆಂದು ಪ್ರತ್ಯೇಕ ಲಿಂಕ್ ತೆಗೆದುಕೊಳ್ಳುವುದು ವಾಸಿ.

ಮೊದಲಿನ ಆ ಬೇರಿಂಗಿನ ಕರೆಗೆ ಬರೋಣ. ಅದು ಸಾಲಿನ ತೊಂದರೆಯಲ್ಲ, ವಿಳಾಸದ ತೊಂದರೆ.

[ಪರದೆ ಮೇಲೆ: ಸಿಪ್ ಸಂದೇಶದ ಒಂದು ಸಾಲು ದೊಡ್ಡದಾಗಿ, 192.168.1.40ಕ್ಕೆ ಕೆಂಪು ಸುತ್ತು]

ಕರೆ ಶುರುವಾಗುವಾಗ ನಿಮ್ಮ ಫೋನು ‘ನನಗೆ ಬರಬೇಕಾದ ಮಾತನ್ನು ಈ ವಿಳಾಸಕ್ಕೆ ಕಳಿಸಿ’ ಎಂದು ಬರೆದು ಕಳಿಸುತ್ತದೆ. ಬರೆದದ್ದು 192.168.1.40. ಅದು ಆಫೀಸಿನೊಳಗಿನ ವಿಳಾಸ. ‘ಮೂರನೇ ಮಹಡಿ, ಎಡಗಡೆ ಬಾಗಿಲು’ ಎಂದಷ್ಟೇ ಬರೆದು ಅಂಚೆಗೆ ಹಾಕಿದ ಹಾಗೆ. ಹಾಗಾಗಿ ಗ್ರಾಹಕನ ಮಾತು ಆಫೀಸಿಗೆ ತಲುಪುವುದಿಲ್ಲ. ಇದನ್ನು ಸರಿಪಡಿಸಲೆಂದೇ ಬಹಳ ರೂಟರುಗಳಲ್ಲಿ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಇರುತ್ತದೆ. ಅದು ಎಷ್ಟೋ ಸಲ ವಿಳಾಸವನ್ನು ಅರ್ಧಂಬರ್ಧ ತಿದ್ದಿ ಇನ್ನಷ್ಟು ಕೆಡಿಸುತ್ತದೆ. ಮೊದಲು ಅದನ್ನು ಆಫ್ ಮಾಡಿ. ಆಮೇಲೆ ಪಿಬಿಎಕ್ಸ್‌ನಲ್ಲಿ (ಆಫೀಸಿನೊಳಗಿನ ಫೋನ್ ಎಕ್ಸ್‌ಚೇಂಜ್) ನಿಮ್ಮ ಸ್ಥಿರ ಹೊರ ಐಪಿಯನ್ನು ತುಂಬಿ. ಆಸ್ಟರಿಸ್ಕ್ ಎಂಬ ಪಿಬಿಎಕ್ಸ್ ಸಾಫ್ಟ್‌ವೇರ್ ಆದರೆ ಮಾತಿನ ಪೋರ್ಟುಗಳು, ಅಂದರೆ ಅದು ಒಳಬರುವ ಬಾಗಿಲ ನಂಬರುಗಳು, ಸಾಮಾನ್ಯವಾಗಿ 10000ದಿಂದ 20000. ಅವನ್ನೂ ಸಿಪ್ ಸಂದೇಶದ ಬಾಗಿಲಾದ 5060ನ್ನೂ ಟ್ರಂಕ್ ಕಂಪನಿಯ ಐಪಿಗೆ ಮಾತ್ರ ತೆರೆಯಿರಿ, ಊರಿಗೆಲ್ಲ ಅಲ್ಲ.

ಕರೆ ಕಟ್ಟಾದರೆ ಗಡಿಯಾರ ನೋಡಿ. ಎಷ್ಟು ಹೊತ್ತಿಗೆ ಕಟ್ಟಾಯಿತು ಅನ್ನುವುದೇ ಅರ್ಧ ರೋಗ ಹೇಳುತ್ತದೆ. ಸರಿಯಾಗಿ 32 ಸೆಕೆಂಡಿಗೆ ಕಟ್ಟಾಗುತ್ತಿದೆಯೇ? ಫೋನೆತ್ತಿದ ಕಡೆಯಿಂದ ಹೊರಟ ‘200 ಓಕೆ’ಗೆ ‘ಎಸಿಕೆ’ ಎಂಬ ಮರುಸಂದೇಶ ಬಂದು ಸೇರುತ್ತಿಲ್ಲ. ಸಿಪ್ ಅರ್ಧ ಸೆಕೆಂಡಿನ 64 ಪಟ್ಟು ಕಾದು ಕೈಬಿಡುತ್ತದೆ. ಮತ್ತೆ ವಿಳಾಸ, ನ್ಯಾಟ್ (ಒಳ ವಿಳಾಸವನ್ನು ಹೊರ ವಿಳಾಸಕ್ಕೆ ಬದಲಿಸುವ ರೂಟರಿನ ಕೆಲಸ), ಎಎಲ್‌ಜಿ ನೋಡಿ. 15 ನಿಮಿಷಕ್ಕೆ ಕಟ್ಟಾದರೆ ಸೆಷನ್ ಟೈಮರ್, ಅಂದರೆ ಕರೆ ಇನ್ನೂ ಜೀವಂತವೇ ಎಂದು ಆಗಾಗ ವಿಚಾರಿಸುವ ಗಡಿಯಾರದ ಮೇಲೆ ಅನುಮಾನ ಪಡಿ: 1800 ಸೆಕೆಂಡಿನ ಅವಧಿಯನ್ನು ನಡುವಿನಲ್ಲಿ, 900ಕ್ಕೆ ನವೀಕರಿಸುವಾಗ ಒಂದು ಕಡೆ ಉತ್ತರ ಸಿಗುತ್ತಿಲ್ಲ. ಹೊರಗೆ ಹೋಗುವ ಕರೆ ಚೆನ್ನಾಗಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಒಳಗೆ ಬರುವ ಕರೆ ಬರುವುದಿಲ್ಲ ಅಂದರೆ ರೂಟರ್ ಬಾಗಿಲು ಮುಚ್ಚಿಕೊಂಡಿದೆ. ಅದನ್ನು ತೆರೆದಿಡಲು ಫೋನು ಕಳಿಸುವ ಪುಟ್ಟ ಸಂದೇಶ, ಕೀಪ್ ಅಲೈವ್ ಅನ್ನು 30 ಸೆಕೆಂಡಿಗೆ ಇಡಿ.

ಬ್ಯಾಂಕಿನ ಐವಿಆರ್, ಅಂದರೆ ಧ್ವನಿಮುದ್ರಿತ ಉತ್ತರದ ಯಂತ್ರ, ‘1 ಒತ್ತಿ’ ಅಂದಾಗ ಒತ್ತಿದರೂ ಏನೂ ಆಗುವುದಿಲ್ಲವೇ? ಡಿಟಿಎಂಎಫ್ (ಗುಂಡಿ ಒತ್ತಿದಾಗಿನ ನಾದ) ಕ್ರಮವನ್ನು ಆರ್‌ಎಫ್‌ಸಿ 4733ಕ್ಕೆ ಬದಲಿಸಿ; ಆಗ ಗುಂಡಿಯ ಒತ್ತು ನಾದವಾಗಿ ಹೋಗದೆ ಬೇರೆ ಪ್ಯಾಕೆಟ್ಟಾಗಿ ಹೋಗುತ್ತದೆ. ಜಿ.729 ಎಂಬ ಇನ್ನೊಂದು ಕೋಡೆಕ್ ಮಾತನ್ನು 8 ಕೆಬಿಪಿಎಸ್‌ಗೆ ಹಿಂಡುವಾಗ ಗುಂಡಿಯ ನಾದವನ್ನೂ ಹಿಂಡಿಬಿಡುತ್ತದೆ. ಫ್ಯಾಕ್ಸ್ ಇನ್ನೂ ಬಳಸುವ ಆಸ್ಪತ್ರೆಗಳಿಗೂ ಇದೇ ಮಾತು: ಇಂಟರ್‌ನೆಟ್‌ನಲ್ಲಿ ಫ್ಯಾಕ್ಸ್ ಕಳಿಸುವ ಟಿ.38 ಕ್ರಮ ಬೇಕು. ಲಿಫ್ಟಿನೊಳಗಿನ ಫೋನು, ಬೆಂಕಿ ಎಚ್ಚರಿಕೆಯ ಡಯಲರ್ ಇವನ್ನು ಮಾತ್ರ ಹಳೆಯ ತಾಮ್ರದ ಲೈನಿನಲ್ಲೇ ಬಿಡಿ.

[ದೃಶ್ಯ: ಕರೆಂಟ್ ಹೋಗುತ್ತದೆ. ಫೋನಿನ ಪರದೆಗಳು ಒಟ್ಟಿಗೆ ಆರುತ್ತವೆ.]

ಹಳೆಯ ಫೋನಿಗೆ ಕರೆಂಟು ಎಕ್ಸ್‌ಚೇಂಜಿನಿಂದ ಅದೇ ತಂತಿಯಲ್ಲಿ ಬರುತ್ತಿತ್ತು, 48 ವೋಲ್ಟ್. ಐಪಿ ಫೋನಿಗೆ ನೀವೇ ಕೊಡಬೇಕು. ಫೋನೊಂದಕ್ಕೆ 5 ವ್ಯಾಟ್ ಹಿಡಿದರೆ 30ಕ್ಕೆ 150; ಪಿಒಇ ಸ್ವಿಚ್ (ನೆಟ್‌ವರ್ಕ್ ತಂತಿಯಲ್ಲೇ ಫೋನಿಗೆ ಕರೆಂಟ್ ಕೊಡುವ ಪೆಟ್ಟಿಗೆ), ರೂಟರ್, ಮೋಡೆಮ್ ಸೇರಿ 250 ವ್ಯಾಟ್ ಅನ್ನಿ. ಎರಡು ಗಂಟೆಗೆ 500 ವ್ಯಾಟ್-ಅವರ್. 12 ವೋಲ್ಟ್, 100 ಆಂಪಿಯರ್-ಅವರ್‌ನ ಹೊಸ ಬ್ಯಾಟರಿ ಒಂದು ಅಷ್ಟು ತಡೆಯುತ್ತದೆ. ಆಗಾಗ ಆಗುವ ತಪ್ಪು: ಸ್ವಿಚ್ಚಿಗೆ ಯುಪಿಎಸ್ ಇರುತ್ತದೆ, ಗೋಡೆಯ ಮೂಲೆಯ ಫೈಬರ್ ಮೋಡೆಮ್ಮಿಗೆ ಇರುವುದಿಲ್ಲ. ಫೋನಿನ ಪರದೆ ಬೆಳಗುತ್ತಿರುತ್ತದೆ, ಲೈನು ಇರುವುದಿಲ್ಲ.

ನಂಬರಿನ ವಿಷಯ ಮೊದಲೇ ತಿಳಿದಿರಲಿ. ನಮ್ಮ ದೇಶದಲ್ಲಿ ಪೋರ್ಟ್ ಮಾಡುವ ಸೌಲಭ್ಯ ಇರುವುದು ಮೊಬೈಲಿಗೆ. ಬೋರ್ಡಿನ ಮೇಲೆ, ಬಿಲ್ ಪುಸ್ತಕದ ಮೇಲೆ ಅಚ್ಚಾಗಿರುವ ನಿಮ್ಮ 080 ನಂಬರನ್ನು ಬೇರೆ ಕಂಪನಿಗೆ ಒಯ್ಯಲಾಗುವುದಿಲ್ಲ. ಅದೇ ನಂಬರ್ ಬೇಕೆಂದರೆ ಈಗಿರುವ ಕಂಪನಿಯನ್ನೇ ಕೇಳಿ, ಪಿಆರ್‌ಐಯನ್ನು ಸಿಪ್‌ಗೆ ಬದಲಿಸಿಕೊಡುತ್ತೀರಾ ಎಂದು. ಕೊಡದಿದ್ದರೆ ಹಳೆಯ ಲೈನಿಗೆ ಒಂದು ಗೇಟ್‌ವೇ ಪೆಟ್ಟಿಗೆ ಜೋಡಿಸಿ ಹೊಸ ಪಿಬಿಎಕ್ಸ್‌ಗೆ ಸೇರಿಸಬಹುದು.

ಟ್ರಂಕ್ ಕೊಡುವವರ ಬಳಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಇದೆಯೇ ಎಂದು ಕೇಳಿ ನೋಡಿ, ನಾಚಿಕೆ ಬೇಡ. ವಿದೇಶಿ ಕರೆಗಳನ್ನು ಇಂಟರ್‌ನೆಟ್‌ನಲ್ಲಿ ತಂದು ಸಿಮ್ ಬಾಕ್ಸ್ ಮೂಲಕ ಇಲ್ಲಿನ ನಂಬರಿಗೆ ಇಳಿಸುವ ದಂಧೆಯನ್ನು ಬೆಂಗಳೂರಿನಲ್ಲೇ 2021ರಲ್ಲಿ ಪೊಲೀಸರು ಹಿಡಿದಿದ್ದರು. ನಂಬಲಾಗದಷ್ಟು ಅಗ್ಗದ ದರ ಹೇಳುವವರಿಂದ ದೂರವಿರಿ.

ಎಕ್ಸ್‌ಟೆನ್ಷನ್ 101ಕ್ಕೆ ಪಾಸ್‌ವರ್ಡ್ ಕೂಡ 101 ಇದ್ದರೆ ಇವತ್ತೇ ಬದಲಿಸಿ. ಇಂಟರ್‌ನೆಟ್‌ನಲ್ಲಿ ಇದನ್ನೇ ಹುಡುಕುತ್ತಾ ಹಗಲೂ ರಾತ್ರಿ ಯಂತ್ರಗಳು ಸುತ್ತುತ್ತಿವೆ. ಸಿಕ್ಕಿತೆಂದರೆ ಶನಿವಾರ ರಾತ್ರಿ ನಿಮ್ಮ ಲೈನಿನಿಂದ ದುಬಾರಿ ವಿದೇಶಿ ನಂಬರುಗಳಿಗೆ ಕರೆ ಹೋಗುತ್ತದೆ, ಸೋಮವಾರ ನಿಮಗೆ ಗೊತ್ತಾಗುತ್ತದೆ. ಐಎಸ್‌ಡಿ ಬೇಡವಾದರೆ ಕಂಪನಿಗೆ ಬರೆದುಕೊಟ್ಟು ಟ್ರಂಕಿನಲ್ಲೇ ಮುಚ್ಚಿಸಿ.

[ದೃಶ್ಯ: ಗೋಡೆಯ ಕ್ಯಾಲೆಂಡರ್, ತಿಂಗಳ ಕೊನೆಯ ದಿನಕ್ಕೆ ಸುತ್ತು]

ಒಂದೇ ವಿಭಾಗದಿಂದ ಶುರು ಮಾಡಿ, ಎಂಟು ಫೋನು ಸಾಕು. ಹಳೆಯ ಲೈನು ಜೊತೆಯಲ್ಲೇ ಇರಲಿ. ತಿಂಗಳ ಕೊನೆಯ ದಿನ, ಬಿಲ್ಲಿನ ಗಡಿಬಿಡಿ ಜೋರಾಗಿರುವಾಗ, ಬೇಕೆಂದೇ ಬ್ಯಾಕಪ್ ಹಾಕಿ, ಎಂಟು ಕರೆ ಒಟ್ಟಿಗೆ ಮಾಡಿ. ಒಂದು ಕರೆಯನ್ನು 20 ನಿಮಿಷ ಹಿಡಿದಿಡಿ. ನಡುವೆ ಮೇನ್ ಸ್ವಿಚ್ ಇಳಿಸಿ. ಮಾತು ಎಲ್ಲೂ ಮುರಿಯದಿದ್ದರೆ ಮಾರನೇ ದಿನ ಪಿಆರ್‌ಐ ನಿಲ್ಲಿಸುವ ಪತ್ರ ಬರೆಯಿರಿ.