ನೀಲಿ ಮಾತ್ರೆ ಕಿಟಕಿ ಆಚೆ ಯಾಕೆ ಬೀಳುತ್ತದೆ?

ನಮಸ್ಕಾರ. ಹೈಸ್ಕೂಲಿನಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಕಬ್ಬಿಣಾಂಶ, ಫೋಲಿಕ್ ಆಸಿಡ್ ಇರೋದು? ಮಿಸ್ ಎದುರಿಗೆ ಬಾಯಿಗೆ ಹಾಕಿಕೊಂಡು, ಅವರು ಆ ಕಡೆ ತಿರುಗಿದ ತಕ್ಷಣ ಕಿಟಕಿಯಿಂದ ಉಗುಳುವ ಮಕ್ಕಳಿದ್ದಾರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಇದನ್ನು ಬೋರ್ಡ್ ಮೇಲೆ ಬರೆದರೆ ಮಕ್ಕಳು ನೀಟಾಗಿ ನೋಟ್ಸ್ ಮಾಡಿಕೊಳ್ಳುತ್ತಾರೆ. ಮಾತ್ರೆ ಮಾತ್ರ ಕಿಟಕಿ ಆಚೆಗೇ.

ರಕ್ತಹೀನತೆಯ ಈ ಪಾಠವನ್ನು ಮಕ್ಕಳ ಕೈಗೇ ಕೊಟ್ಟುಬಿಡಿ ಅನ್ನೋದು ನನ್ನ ವಾದ. ಐದೈದು ಜನರ ಗುಂಪು, ಒಂದು ಫೋನು. ಟೀಚರ್ ಫೋನನ್ನೇ ಸರದಿ ಮೇಲೆ ಕೊಟ್ಟರೂ ನಡೆಯುತ್ತದೆ. ಕೆಲಸ ಇಷ್ಟೇ: ಮಾತ್ರೆ ಯಾಕೆ ನುಂಗಲ್ಲ ಅಂತ ಜೊತೆಯವರನ್ನೇ ಕೇಳಿ, ಎರಡು ನಿಮಿಷದ ಆಡಿಯೋ ಮಾಡೋದು. ಹೆಸರು ಬೇಡ. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಇನ್ನೊಬ್ಬರು ಓದಲಿ.

ಟೀಚರ್ ಕೇಳಿದರೆ "ನುಂಗಿದೆ ಮಿಸ್" ಅನ್ನುವ ಹುಡುಗಿ ಚೀಟಿಯಲ್ಲಿ ನಿಜ ಬರೆಯುತ್ತಾಳೆ. ಹೊಟ್ಟೆ ತೊಳಸುತ್ತೆ. ಮಲ ಕಪ್ಪಗಾಗುತ್ತೆ, ಭಯ. ಮನೇಲಿ ಬೇಡ ಅಂದ್ರು.

ಆ ಚೀಟಿಗಳನ್ನು ಹಿಡಿದು ಗುಂಪು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಹೋಗಿ ಉತ್ತರ ರೆಕಾರ್ಡ್ ಮಾಡಿಕೊಳ್ಳಲಿ. ಊಟ ಆದಮೇಲೆ ನುಂಗಿದರೆ ತೊಳಸೋದು ಕಡಿಮೆ. ಮಲ ಕಪ್ಪಾಗೋದು ಕಬ್ಬಿಣದಿಂದ, ಹೆದರಬೇಕಿಲ್ಲ. ಮಾತ್ರೆ ಜೊತೆ ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆ, ನೆಲ್ಲಿಕಾಯಿ ಒಳ್ಳೆಯದು. ಬಿಸಿಯೂಟದ ಹೊತ್ತಿಗೆ ಇದನ್ನು ಶಾಲೆಯ ಮೈಕಿನಲ್ಲಿ ಹಾಕಿ. ಮಾತ್ರೆ ಕೊಡೋದೂ ಆಗಲೇ ಇರಲಿ.

"ಪ್ರಾಜೆಕ್ಟ್ ಈಗಲೂ ಮಾಡಿಸ್ತೀವಲ್ಲ" ಅಂತೀರಾ? ಆ ಪ್ರಿಂಟೌಟ್, ಅಂಟಿಸಿದ ಚಾರ್ಟು! ಅದಕ್ಕೆ ಮಾರ್ಕ್ಸ್ ಕೊಡಬೇಕಾದ್ದು ಸೈಬರ್ ಸೆಂಟರಿನವರಿಗೆ.

ಟೀಚರ್ ಸುಮ್ನೆ ಕೂರಬೇಕು ಅಂತ ಅಲ್ಲ. ಫೋನಿನಲ್ಲಿ ಮನೆಮದ್ದಿನ ಕಥೆ ಬೇಕಾದಷ್ಟು ಸಿಗುತ್ತದೆ, ಮಕ್ಕಳು ಅದನ್ನೂ ಸೇರಿಸುತ್ತಾರೆ. ಮೈಕಿಗೆ ಹೋಗುವ ಮುಂಚೆ ಪ್ರತಿ ಸಾಲಿಗೂ "ಇದನ್ನು ಯಾರು ಹೇಳಿದ್ದು?" ಅಂತ ಕೇಳೋದು ಟೀಚರ್ ಕೆಲಸ. ಚೆನ್ನಾಗಿ ಓದುವವಳೊಬ್ಬಳೇ ಎಲ್ಲಾ ಮಾಡಿ ಮುಗಿಸದಂತೆ ನೋಡಿಕೊಳ್ಳೋದು ಕೂಡ. ಎಡಿಟಿಂಗ್ ಜೋರಾಗಿದೆ ಅಂತ ಮಾರ್ಕ್ಸ್ ಜಾಸ್ತಿ ಹಾಕಬೇಡಿ. ಒಳ್ಳೆ ಪ್ರಶ್ನೆ ಕೇಳಿದವರಿಗೆ ಹಾಕಿ.

ಹಾಂ, ಹುಡುಗರನ್ನೂ ಗುಂಪಿಗೆ ಸೇರಿಸಿ. ಇದು ಹುಡುಗಿಯರ ವಿಷಯ ಅಂತ ಹಿಂದಿನ ಬೆಂಚಿನಲ್ಲಿ ಕಿಸಿಯುತ್ತಾ ಕೂತವರಿಗೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಓದಲು ಕೊಡಿ: ಅದೇ ವಯಸ್ಸಿನ ಹುಡುಗರಲ್ಲಿ ರಕ್ತಹೀನತೆ ಇರುವವರು ಶೇ. 31.