ಗಿರಣಿ ಕಾರ್ಮಿಕರ ಸಂಘದಿಂದ ಯೋಜನಾ ಆಯೋಗಕ್ಕೆ: ಗುಲ್ಜಾರಿಲಾಲ್ ನಂದಾ

ಕೇಳುಗರೆಲ್ಲರಿಗೂ ನಮಸ್ಕಾರ.

ಗುಲ್ಜಾರಿಲಾಲ್ ನಂದಾ ಅವರ ಹೆಸರು ಇಂದು ಹೆಚ್ಚಾಗಿ ಕಿವಿಗೆ ಬೀಳುವುದು ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಯಲ್ಲಿ. 1964ರಲ್ಲಿ ನೆಹರೂ ಅವರೂ 1966ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ತೀರಿಕೊಂಡಾಗ, ಎರಡು ಸಲವೂ ಕೆಲವೇ ದಿನಗಳ ಮಟ್ಟಿಗೆ ಹಂಗಾಮಿ ಪ್ರಧಾನಿಯಾದವರು ಅವರು. ಆದರೆ ಆ ದಿನಗಳಿಗಿಂತ, 1922ರಿಂದ 1946ರವರೆಗೆ ಅವರು ಅಹಮದಾಬಾದಿನ ಗಿರಣಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾಗಿ ದುಡಿದ ವರ್ಷಗಳೇ ನನಗೆ ಮಹತ್ವದ್ದಾಗಿ ಕಾಣುತ್ತವೆ. ಮುಂದೆ ಸರ್ಕಾರದೊಳಗೆ ಅವರು ಮಾಡಿದ ಒಳ್ಳೆಯ ಕೆಲಸಕ್ಕೂ ಅಲ್ಲಿ ಅವರು ಎದುರಿಸಿದ ಸೋಲಿಗೂ ಬೇರು ಅಲ್ಲಿಯೇ ಇದೆ.

1898ರಲ್ಲಿ ಸಿಯಾಲ್‌ಕೋಟಿನಲ್ಲಿ ಹುಟ್ಟಿದ ನಂದಾ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಕಾರ್ಮಿಕರ ಸಮಸ್ಯೆಗಳನ್ನು ಕುರಿತು ಸಂಶೋಧನೆ ಮಾಡಿದವರು. ಅಸಹಕಾರ ಚಳವಳಿ ಅವರನ್ನು ಸೆಳೆಯಿತು. ಅವರು ಸೇರಿದ ಸಂಘವನ್ನು ಜನ ಮಜೂರ್ ಮಹಾಜನ್ ಎಂದು ಕರೆಯುತ್ತಿದ್ದರು. 1918ರಲ್ಲಿ ಗಾಂಧೀಜಿಯವರೂ ಅನಸೂಯಾ ಸಾರಾಭಾಯಿಯವರೂ ಮುನ್ನಡೆಸಿದ ಮುಷ್ಕರದ ಫಲವಾಗಿ, 1920ರಲ್ಲಿ ಅದು ರೂಪುಗೊಂಡಿತ್ತು. ಕಾರ್ಮಿಕನೊಬ್ಬನ ದೂರನ್ನು ಬರೆದುಕೊಳ್ಳುವುದು, ಅದು ನಿಜವೇ ಎಂದು ವಿಚಾರಿಸುವುದು, ಗಿರಣಿಯ ಆಡಳಿತದೊಂದಿಗೆ ಮಾತನಾಡುವುದು, ಅಲ್ಲಿ ಬಗೆಹರಿಯದಿದ್ದರೆ ಎರಡೂ ಕಡೆಯವರು ಒಪ್ಪಿದ ಪಂಚರ ಮುಂದೆ ಇಡುವುದು ಆ ಸಂಘದ ಕ್ರಮವಾಗಿತ್ತು. ಮುಷ್ಕರ ಕಟ್ಟಕಡೆಯ ದಾರಿ. ಘೋಷಣೆಯಷ್ಟೇ ಇಲ್ಲಿ ಸಾಲುತ್ತಿರಲಿಲ್ಲ, ಲೆಕ್ಕ ಬೇಕಾಗಿತ್ತು. ಅರ್ಥಶಾಸ್ತ್ರ ಓದಿದ ನಂದಾ ಅವರಿಗೆ ಅದು ಒಗ್ಗಿದ ಕೆಲಸವಾಯಿತು.

1946ರಲ್ಲಿ ಅವರು ಮುಂಬಯಿ ಪ್ರಾಂತ್ಯದ ಕಾರ್ಮಿಕ ಸಚಿವರಾದರು. ಸಂಧಾನಕ್ಕೂ ಕಾರ್ಮಿಕ ನ್ಯಾಯಾಲಯಗಳಿಗೂ ದೊಡ್ಡ ಸ್ಥಾನ ಕೊಟ್ಟ ಅಲ್ಲಿನ ಕೈಗಾರಿಕಾ ಸಂಬಂಧಗಳ ಕಾಯಿದೆ ಆ ಅವಧಿಯದು. 1950ರ ಮಾರ್ಚಿನಲ್ಲಿ ಯೋಜನಾ ಆಯೋಗ ಸ್ಥಾಪನೆಯಾದಾಗ ನಂದಾ ಅದರ ಉಪಾಧ್ಯಕ್ಷರಾದರು. ಆ ಆಯೋಗ ಹುಟ್ಟಿದ್ದು ಸಂಪುಟದ ನಿರ್ಣಯದಿಂದಲೇ ಹೊರತು ಕಾಯಿದೆಯಿಂದಲ್ಲ. ಅದರ ಕೆಲಸ ಶಿಫಾರಸು ಮಾಡುವುದಾಗಿತ್ತು, ತೀರ್ಮಾನ ಸರ್ಕಾರದ್ದಾಗಿತ್ತು. ಹೀಗೆ ಕಾರ್ಮಿಕರ ಪರವಾಗಿ ಕೇಳುತ್ತಿದ್ದವರು ಸರ್ಕಾರಕ್ಕೆ ಸಲಹೆ ಕೊಡುವವರಾದರು, ಮರುವರ್ಷವೇ ಯೋಜನಾ ಸಚಿವರೂ ಆದರು.

ಅವರ ವೃತ್ತಿಜೀವನದ ಅತ್ಯಂತ ಫಲವತ್ತಾದ ಘಟ್ಟವೆಂದು ನಾನು ಎಣಿಸುವುದು 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವನ್ನು. ಆಗ ಕೇಂದ್ರದ ಕಾರ್ಮಿಕ ಖಾತೆ ನಂದಾ ಅವರ ಕೈಯಲ್ಲಿತ್ತು. ಕನಿಷ್ಠ ವೇತನವನ್ನು ಮಾಲೀಕನ ಮನಸ್ಸಿಗೆ ಬಂದಂತೆ ಅಲ್ಲ, ಮನುಷ್ಯನ ಅಗತ್ಯದಿಂದ ಎಣಿಸಬೇಕೆಂದು ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂಡಿ ಒಪ್ಪಿದರು. ದುಡಿಯುವವನ ನಾಲ್ವರ ಕುಟುಂಬವನ್ನು ಮೂರು ಬಳಕೆಯ ಘಟಕಗಳೆಂದು, ಎಂದರೆ ಮೂವರು ವಯಸ್ಕರ ಬಳಕೆಗೆ ಸಮವೆಂದು ಹಿಡಿಯಬೇಕು, ಹೆಂಡತಿ ಮಕ್ಕಳ ಗಳಿಕೆಯನ್ನು ಲೆಕ್ಕಕ್ಕೆ ಸೇರಿಸಬಾರದು, ಒಬ್ಬ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ತಲೆಗೆ ವರ್ಷಕ್ಕೆ 18 ಗಜದಂತೆ ನಾಲ್ವರಿಗೆ 72 ಗಜ ಬಟ್ಟೆ, ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಕನಿಷ್ಠ ವಿಸ್ತೀರ್ಣಕ್ಕೆ ತಕ್ಕ ಮನೆ ಬಾಡಿಗೆ, ಇವಲ್ಲದೆ ಸೌದೆ, ದೀಪ ಮತ್ತಿತರ ಖರ್ಚಿಗೆ ಒಟ್ಟು ವೇತನದ ಶೇಕಡಾ 20 ಭಾಗ. ಬಡವನ ಮನೆಯ ತಿಂಗಳ ಖರ್ಚು ರಾಷ್ಟ್ರದ ನಿರ್ಣಯವೊಂದರಲ್ಲಿ ಹೀಗೆ ಬಾಬುಬಾಬಾಗಿ ದಾಖಲಾದದ್ದು ಸಣ್ಣ ಮಾತಲ್ಲ.

ಆದರೆ ಆ ನಿರ್ಣಯಕ್ಕೆ ಕಾನೂನಿನ ಬಲವಿರಲಿಲ್ಲ. ಅದರಂತೆ ತಮಗೂ ವೇತನ ಬೇಕೆಂದು ಕೇಂದ್ರ ಸರ್ಕಾರದ ನೌಕರರೇ ಕೇಳಿದರು. ಎರಡನೆಯ ವೇತನ ಆಯೋಗ ಒಪ್ಪಲಿಲ್ಲ. 1960ರ ಜುಲೈನಲ್ಲಿ ನೌಕರರು ಮುಷ್ಕರ ಹೂಡಿದಾಗ ಸರ್ಕಾರ ಸುಗ್ರೀವಾಜ್ಞೆಯಿಂದ ಅದನ್ನು ಹತ್ತಿಕ್ಕಿತು, ಮತ್ತು ಆಗಲೂ ಕಾರ್ಮಿಕ ಸಚಿವರು ನಂದಾ ಅವರೇ. ಇದನ್ನು ಹೇಳುವಾಗ ನನಗೆ ನೋವಾಗುತ್ತದೆ. ಎಲ್ಲರೂ ಕೂಡಿ ಒಪ್ಪಿದ್ದನ್ನು ಎಲ್ಲರೂ ನಡೆಸುತ್ತಾರೆಂಬ ಅಹಮದಾಬಾದಿನ ನಂಬಿಕೆ ದೆಹಲಿಯಲ್ಲಿ ಸಾಲದೆ ಹೋಯಿತು. ಅವರಿಗೂ ಮೊದಲು ಕಾರ್ಮಿಕ ಸಚಿವರಾಗಿದ್ದ, ಮುಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರೂ ಆದ ವಿ. ವಿ. ಗಿರಿಯವರೂ ಕಾರ್ಮಿಕ ಚಳವಳಿಯಿಂದಲೇ ಬಂದವರು. ಸರ್ಕಾರದ ಕಡ್ಡಾಯ ತೀರ್ಪಿಗಿಂತ ಸಂಘದ ಸ್ವಂತ ಬಲವೇ ಮೇಲು ಎಂಬುದು ಅವರ ವಾದವಾಗಿತ್ತು. 1960ರ ಅನುಭವವನ್ನು ನೋಡಿದರೆ ಗಿರಿಯವರ ವಾದದಲ್ಲಿ ಹೆಚ್ಚು ಹುರುಳಿದೆ ಎನಿಸುತ್ತದೆ.

ನಂದಾ ಅವರು ಬಳಿಕ ಗೃಹ ಸಚಿವರಾದರು, 1966ರ ನವೆಂಬರಿನಲ್ಲಿ ಆ ಹುದ್ದೆಯನ್ನು ಬಿಟ್ಟರು, 1970ರಲ್ಲಿ ಸ್ವಲ್ಪ ಕಾಲ ರೈಲ್ವೆ ಖಾತೆ ನೋಡಿಕೊಂಡರು. 1997ರಲ್ಲಿ ಅವರಿಗೆ ಭಾರತರತ್ನ ಬಂದಿತು. ಮರುವರ್ಷದ ಜನವರಿಯಲ್ಲಿ ಅಹಮದಾಬಾದಿನಲ್ಲಿಯೇ ಅವರು ತೀರಿಕೊಂಡರು.

ಅಷ್ಟರೊಳಗೆ ಆ ಹಳೆಯ ಲೆಕ್ಕಕ್ಕೆ ಮರುಜೀವ ಬಂದಿತ್ತು. 1991ರಲ್ಲಿ ಸುಪ್ರೀಂ ಕೋರ್ಟು 1957ರ ಮಾನದಂಡಗಳನ್ನು ಎತ್ತಿಹಿಡಿದು, ಮಕ್ಕಳ ಓದು, ಔಷಧೋಪಚಾರ, ಹಬ್ಬಹರಿದಿನ, ಮುಪ್ಪು, ಮದುವೆ ಮುಂತಾದವುಗಳಿಗಾಗಿ ಇನ್ನೂ ಶೇಕಡಾ 25 ಭಾಗವನ್ನು ಸೇರಿಸಬೇಕೆಂದು ಹೇಳಿತು. ಕರ್ನಾಟಕದಲ್ಲಿ ಕನಿಷ್ಠ ವೇತನದ ಪರಿಷ್ಕರಣೆ ಚರ್ಚೆಗೆ ಬಂದಾಗ ಕಾರ್ಮಿಕ ಸಂಘಗಳು ಇಂದಿಗೂ ಮುಂದಿಡುವುದು ಆ ತೀರ್ಪನ್ನೂ ಅದರ ಹಿಂದಿರುವ 1957ರ ಲೆಕ್ಕವನ್ನೂ.

ನಮಸ್ಕಾರ.