ವಾರದ 168 ಗಂಟೆಯಲ್ಲಿ ಒಂದು ಪದವಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮಂಡ್ಯದವಳು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ. ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದೆ. ಮದುವೆಯಾಯಿತು, ಮಗಳು ಹುಟ್ಟಿದಳು. ಹದಿನಾಲ್ಕು ವರ್ಷ ಆದ ಮೇಲೆ ಮತ್ತೆ ಪುಸ್ತಕ ಹಿಡಿದು, ಕೆಲಸ ಬಿಡದೆ, ಆನ್‌ಲೈನ್‌ನಲ್ಲಿ ಬಿ.ಕಾಂ. ಮುಗಿಸಿದೆ. ಈ ವಿಷಯ ಗೊತ್ತಾದವರೆಲ್ಲ ಮೊದಲು ಕೇಳುವುದು, ಫೀಸ್ ಎಷ್ಟಾಯಿತು ಅಂತ. ಫೀಸಿನ ಲೆಕ್ಕ ಸುಲಭ, ರಸೀದಿಯಲ್ಲೇ ಇರುತ್ತದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಗಂಟೆಗಳ ಲೆಕ್ಕ.

ಈ ಲೆಕ್ಕ ನನಗೆ ಮೊದಲೇ ಗೊತ್ತಿರಲಿಲ್ಲ. ಮೊದಲ ಸಲ ನಾನು ಮೋಸ ಹೋದೆ. ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬರು ಸ್ಟಡಿ ಸೆಂಟರ್ ಅಂತ ಬೋರ್ಡ್ ಹಾಕಿದ್ದರು. ಬೇರೆ ರಾಜ್ಯದ ಒಂದು ವಿಶ್ವವಿದ್ಯಾನಿಲಯದ ಹೆಸರು ಹೇಳಿದರು. "ನೀವು ಕೆಲಸ ಮಾಡೋರು ಮೇಡಂ, ಓದೋಕೆ ಟೈಮ್ ಎಲ್ಲಿರುತ್ತೆ? ಸುಮ್ನೆ ಹೆಸರು ಬರೆಸಿ, ಮಿಕ್ಕಿದ್ದು ನಾವು ನೋಡ್ಕೋತೀವಿ" ಅಂದರು. ನನಗೂ ಆಗ ಬೇಕಾಗಿದ್ದು ಅದೇ ಮಾತು. ಹದಿನೆಂಟು ಸಾವಿರ ಕಟ್ಟಿದೆ. ವರ್ಷ ಕಳೆದರೂ ಮಾರ್ಕ್ಸ್ ಕಾರ್ಡ್ ಬರಲಿಲ್ಲ. ಒಂದು ದಿನ ಹೋಗಿ ನೋಡಿದರೆ ಬಾಗಿಲಿಗೆ ಬೀಗ.

ಆಮೇಲೆ ತಿಳಿದುಕೊಂಡೆ. ದೂರ ಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣಕ್ಕೆ ಯುಜಿಸಿ, ಅಂದರೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ, 2020ರಲ್ಲಿ ಮಾಡಿದ ನಿಯಮಗಳಿವೆ. ಯಾವ ವಿಶ್ವವಿದ್ಯಾನಿಲಯವೂ ತನ್ನ ಕೋರ್ಸನ್ನು ಇಂಥ ಫ್ರಾಂಚೈಸಿಗಳ ಕೈಗೆ ಕೊಡುವಂತಿಲ್ಲ. ಯಾವ ವಿಶ್ವವಿದ್ಯಾನಿಲಯದ ಯಾವ ಕೋರ್ಸಿಗೆ ಒಪ್ಪಿಗೆ ಇದೆ ಅನ್ನುವ ಪಟ್ಟಿ ಯುಜಿಸಿಯ ದೂರ ಶಿಕ್ಷಣ ವಿಭಾಗದ, ಅಂದರೆ ಡಿಇಬಿಯ, ಜಾಲತಾಣದಲ್ಲೇ ಸಿಗುತ್ತದೆ. ವಿಶ್ವವಿದ್ಯಾನಿಲಯದ ಹೆಸರು ಇದ್ದರೆ ಸಾಲದು, ನೀವು ಸೇರುವ ಕೋರ್ಸು ಆ ಪಟ್ಟಿಯಲ್ಲಿ ಇರಬೇಕು. ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಪದವಿ ಆನ್‌ಲೈನ್‌ನಲ್ಲಿ ಕೊಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅವುಗಳಿಗೆ ಅನುಮತಿಯೇ ಇಲ್ಲ. 2024ರಿಂದ ಸೇರುವ ಪ್ರತಿಯೊಬ್ಬರೂ ಡಿಇಬಿ ಐಡಿ ಅನ್ನುವ ಒಂದು ಗುರುತಿನ ಸಂಖ್ಯೆ ಪಡೆಯಬೇಕು. ನಾನು ಸೇರುವಾಗ ಇದು ಇರಲಿಲ್ಲ. ಇದನ್ನು ನೀವೇ ಕೂತು ಮಾಡಿಕೊಳ್ಳಿ. ದಯವಿಟ್ಟು ಯಾವ ಏಜೆಂಟರಿಗೂ ನಿಮ್ಮ ಆಧಾರ್ ಮತ್ತು ಓಟಿಪಿ ಕೊಡಬೇಡಿ.

ಎರಡನೇ ಸಲ ಸೇರುವ ಮೊದಲು, ಲೆಕ್ಕ ಬರೆಯುವವಳಾಗಿ ಒಂದು ಹಾಳೆ ತೆಗೆದುಕೊಂಡೆ. ದೂರ ಶಿಕ್ಷಣದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ಪಾಠ ಕೇಳುವುದು, ಓದುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲ ಸೇರಿ. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಅಂತ ಇಟ್ಟುಕೊಂಡೆ. 3,600 ಗಂಟೆ ಬಂತು. ಮೂರು ವರ್ಷಕ್ಕೆ 156 ವಾರ. ಭಾಗಿಸಿದರೆ ವಾರಕ್ಕೆ ಸುಮಾರು 23 ಗಂಟೆ.

ಒಂದು ವಾರದಲ್ಲಿ ಇರುವುದೇ 168 ಗಂಟೆ. ಊಟದ ಬಿಡುವೂ ಸೇರಿ ಆರು ದಿನದ ಕೆಲಸಕ್ಕೆ 54. ಮನೆಯಿಂದ ಹೊರಟು ಮನೆ ಸೇರುವವರೆಗಿನ ಓಡಾಟಕ್ಕೆ 18. ದಿನಕ್ಕೆ ಏಳು ಗಂಟೆ ನಿದ್ದೆ ಅಂದರೆ 49. ಉಳಿದದ್ದು 47. ಅದೇನು ಖಾಲಿ ಇತ್ತಾ? ಅಡುಗೆ, ಪಾತ್ರೆ, ಬಟ್ಟೆ, ಮಗಳ ಹೋಂವರ್ಕ್, ನೆಂಟರಿಷ್ಟರ ಮದುವೆ, ಹಬ್ಬ, ಎಲ್ಲವೂ ಆ 47ರಲ್ಲೇ. ಅದರಲ್ಲಿ ಅರ್ಧ ನನಗೆ ಬೇಕಿತ್ತು. ಆ ಹಾಳೆ ನೋಡಿದ ರಾತ್ರಿ ನಿಜವಾಗಲೂ ಹೆದರಿದೆ. ಬಿಡುವಾದಾಗ ಓದಿಕೊಳ್ಳಬಹುದು ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಬಿಡುವು ನನ್ನ ವಾರದಲ್ಲಿ ಎಲ್ಲೂ ಇರಲಿಲ್ಲ. ಯಾರನ್ನಾದರೂ ಕೇಳಿಯೇ ಪಡೆಯಬೇಕಿತ್ತು.

ನಮ್ಮ ಸೋದರಮಾವ ಅಂಚೆ ಶಿಕ್ಷಣದಲ್ಲಿ ಬಿ.ಎ. ಮಾಡಿದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ಶಿಕ್ಷಣ ಶುರುವಾದದ್ದು 1969ರಲ್ಲಿ. ಮುಂದೆ ಅದೇ ಬೆಳೆದು, 1996ರಲ್ಲಿ ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮಾವನಿಗೆ ಪಾಠ ಅಂಚೆಯಲ್ಲಿ ಬರುತ್ತಿತ್ತು. ಪೋಸ್ಟ್‌ಮ್ಯಾನ್ ದಪ್ಪ ಕವರ್ ತಂದುಕೊಟ್ಟರೆ ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು. ಅವರು ಜಗಲಿಯಲ್ಲಿ ಪುಸ್ತಕ ಬಿಡಿಸಿದರೆ ಮಕ್ಕಳನ್ನು ಆಚೆ ಕಳಿಸುತ್ತಿದ್ದರು. ನನ್ನ ಪಾಠ ಇದ್ದದ್ದು ಫೋನಿನಲ್ಲಿ. ಫೋನ್ ಹಿಡಿದು ಕೂತ ಹೆಂಗಸು ಓದುತ್ತಿದ್ದಾಳೆ ಅಂತ ಯಾರಿಗೆ ಅನ್ನಿಸುತ್ತದೆ? ಮೊದಲ ತಿಂಗಳಲ್ಲಿ ಮನೆಯಲ್ಲಿ ಆದ ಮಾತುಕತೆಗೆಲ್ಲ ಇದೇ ಕಾರಣ. "ಯಾವಾಗ ನೋಡಿದರೂ ಮೊಬೈಲು" ಅಂತ ನಮ್ಮ ಅತ್ತೆ ಬೇಜಾರು ಮಾಡಿಕೊಂಡರು. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರಿಗೆ ಕಾಣುತ್ತಿದ್ದದ್ದು ಅಷ್ಟೇ.

ಒಂದು ಭಾನುವಾರ ಆ ಲೆಕ್ಕದ ಹಾಳೆಯನ್ನು ಮನೆಯವರ ಮುಂದೆ ಇಟ್ಟೆ. ಅತ್ತೆಗೆ ಓದಲು ಬರುವುದಿಲ್ಲ, ನಮ್ಮ ಯಜಮಾನರು ಓದಿ ಹೇಳಿದರು. ವಾರಕ್ಕೆ 23 ಗಂಟೆ, ಮೂರು ವರ್ಷ. ನನ್ನ ಓದು ಕಣ್ಣಿಗೆ ಕಾಣಲಿ ಅಂತ, ಅವತ್ತೇ ಅಂಗಡಿಯಲ್ಲಿ ಪಾಠಗಳನ್ನು ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿದೆ. ಮಾರನೇ ದಿನ ಸಂಜೆ ಒಲೆ ಹಚ್ಚಲು ಹೋದರೆ ಅತ್ತೆ ಹಿಟ್ಟಿನ ಕೋಲು ಹಿಡಿದು ನಿಂತಿದ್ದರು. "ಇಟ್ಟು ತೊಳ್ಸಾಕೆ ನಾನಿಲ್ವಾ? ನೀ ಓದ್ಕೋ ಹೋಗವ್ವ" ಅಂದರು. ದಿನಕ್ಕೆ ಅರ್ಧ ಗಂಟೆ. ಎಪ್ಪತ್ತು ದಾಟಿದ ಕೈ, ಮಂಡಿ ನೋವು ಬೇರೆ. ಮೂರು ವರ್ಷ ಅವರು ಆ ಅರ್ಧ ಗಂಟೆ ಕೊಟ್ಟರು. ಭಾನುವಾರದ ಬಟ್ಟೆಯನ್ನೂ ಮಗಳನ್ನೂ ಯಜಮಾನರು ನೋಡಿಕೊಂಡರು.

ನನ್ನ ದೊಡ್ಡ ಕ್ಲಾಸ್ ರೂಮ್ ಅಂದರೆ ರೈಲು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ. ರಾತ್ರಿಯೇ ಪಾಠದ ವಿಡಿಯೋ ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದೆ. ಸೀಟು ಸಿಗದಿದ್ದರೆ ನಿಂತು ನೋಡಲು ಆಗುವುದಿಲ್ಲ, ಹಾಗಾಗಿ ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಅರ್ಥಶಾಸ್ತ್ರ, ವ್ಯವಹಾರ ಕಾನೂನು ಕೇಳಿದರೆ ತಲೆಗೆ ಹತ್ತುತ್ತವೆ. ಕಾಸ್ಟ್ ಅಕೌಂಟಿಂಗ್ ಹತ್ತುವುದಿಲ್ಲ, ಅದಕ್ಕೆ ಪೆನ್ನು ಬೇಕು. ಅದನ್ನು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಮಾಡುತ್ತಿದ್ದೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ಸೇತುವೆ ಬಂದಾಗ ರೈಲಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ಅಲ್ಲಿ ಪಾಠ ನಿಲ್ಲಿಸಿ ಹೊಳೆ ನೋಡುತ್ತಿದ್ದೆ. ದಿನದಲ್ಲಿ ನನಗೆ ಅಂತ ಇದ್ದದ್ದು ಅದೊಂದೇ ಗಳಿಗೆ.

ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರ ಶುರುಮಾಡಿದರು ಅಂತ ನೀವು ಕೇಳಿರುತ್ತೀರಿ. ಆಕಾಶವಾಣಿ ಅನ್ನುವ ಹೆಸರು ಬಂದದ್ದೇ ಅಲ್ಲಿಂದ. ಕಿವಿಗೊಟ್ಟು ಕಲಿಯುವುದು ಈ ಊರಿಗೆ ಹೊಸದಲ್ಲ ಅಂತ ರೈಲಿನಲ್ಲಿ ನಿಂತು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕಷ್ಟ ಬಂದದ್ದು ಮಾರ್ಚ್ ತಿಂಗಳಲ್ಲಿ. ಲೆಕ್ಕದ ಕೆಲಸದವರಿಗೆ ಮಾರ್ಚ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೊನೇ ವಾರ ರಾತ್ರಿ ಒಂಬತ್ತರವರೆಗೂ ಆಫೀಸು. ಆಗಲೇ ಎರಡು ಅಸೈನ್‌ಮೆಂಟ್ ಕೊಡುವ ಕಡೇ ದಿನ ಬಂತು. ಒಂದನ್ನು ಕೊಡಲಾಗಲಿಲ್ಲ. ಅಂಕದಲ್ಲಿ ಸೆಮಿಸ್ಟರ್ ನಡುವಿನ ಕೆಲಸಕ್ಕೆ ಹೆಚ್ಚೆಂದರೆ 30 ಭಾಗ, ಕೊನೇ ಪರೀಕ್ಷೆಗೆ ಕಡಿಮೆಯೆಂದರೂ 70 ಭಾಗ. ಪಾಸಾದೆ, ನಿಜ. ಆದರೆ ಆ ವಿಷಯದಲ್ಲಿ ನನಗೆ ಬಂದ ಅಂಕ ನೋಡಿದರೆ ಈಗಲೂ ಸಂಕಟವಾಗುತ್ತದೆ. ಸೇರುವ ಮೊದಲೇ ನಿಮ್ಮ ಕೆಲಸದ ಬಿಸಿ ತಿಂಗಳು ಯಾವುದು ನೋಡಿಕೊಳ್ಳಿ. ನಮ್ಮ ಕಡೆ ಕಬ್ಬು ಕಡಿಯುವ ಕಾಲವೂ ಇರುತ್ತದೆ. ವರ್ಷಕ್ಕೆ ಎರಡು ಸಲ ಪ್ರವೇಶ ಇರುತ್ತದೆ, ಜನವರಿ-ಫೆಬ್ರವರಿ ಮತ್ತು ಜುಲೈ-ಆಗಸ್ಟ್. ಯಾವುದು ಹೊಂದುತ್ತದೋ ಅದನ್ನು ಆರಿಸಿಕೊಳ್ಳಿ.

ಪರೀಕ್ಷೆ ಮನೆಯಿಂದಲೇ, ಕ್ಯಾಮೆರಾ ಮುಂದೆ. ಕೋಣೆಯಲ್ಲಿ ನಾನು ಬಿಟ್ಟು ಬೇರೆ ಯಾರೂ ಇರಬಾರದು, ಮಾತು ಕೇಳಿಸಬಾರದು. ಅತ್ತೆ ಬಾಗಿಲ ಹೊರಗೆ ಚಾಪೆ ಹಾಕಿ ಕೂತಿದ್ದರು, ಬಂದವರನ್ನೆಲ್ಲ ಕೈಸನ್ನೆಯಲ್ಲೇ ವಾಪಸ್ ಕಳಿಸುತ್ತಿದ್ದರು. ಮೂರನೇ ಸೆಮಿಸ್ಟರ್‌ನಲ್ಲಿ ಪರೀಕ್ಷೆಯ ನಡುವೆ ಕರೆಂಟ್ ಹೋಯಿತು, ವೈಫೈ ನಿಂತಿತು. ಫೋನಿನ ಹಾಟ್‌ಸ್ಪಾಟ್ ಹಾಕಿ ಮತ್ತೆ ಒಳಗೆ ಹೋಗುವಷ್ಟರಲ್ಲಿ ಬೆವರಿ ಹೋಗಿದ್ದೆ. ಆಮೇಲೆ ಪ್ರತಿ ಪರೀಕ್ಷೆಗೂ ಎರಡು ಕಂಪನಿಯ ಸಿಮ್, ತುಂಬ ಚಾರ್ಜ್ ಆದ ಲ್ಯಾಪ್‌ಟಾಪ್ ಇಟ್ಟುಕೊಂಡೇ ಕೂತೆ.

ಈ ಪದವಿಗೆ ಬೆಲೆ ಇದೆಯಾ ಅಂತಲೂ ಕೇಳುತ್ತಾರೆ. ಒಪ್ಪಿಗೆ ಇರುವ ವಿಶ್ವವಿದ್ಯಾನಿಲಯದ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಅಂತ ಯುಜಿಸಿ 2022ರಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿದೆ. ನನಗೆ ಅದರಿಂದ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆ ಸಿಕ್ಕಿತು.

ಹೋದ ತಿಂಗಳು ರೈಲಿನಲ್ಲಿ ದಿನಾ ಜೊತೆಯಾಗುವ ಒಬ್ಬ ಹುಡುಗಿ ಕೇಳಿದಳು, "ಅಕ್ಕ, ನಾನೂ ಸೇರಲಾ?" ಬಟ್ಟೆ ಅಂಗಡಿಯಲ್ಲಿ ಕೆಲಸ, ಮನೆಯಲ್ಲಿ ಎರಡು ವರ್ಷದ ಮಗು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಹಾಳೆ ಕೊಟ್ಟು, ಮೇಲೆ 168 ಅಂತ ಬರೆದುಕೊಟ್ಟೆ. ಮೂರು ದಿನ ಬಿಟ್ಟು ತಂದಳು. ಎಲ್ಲ ಕಳೆದು ಓದಿಗೆ ಅಂತ ಅವಳಿಗೆ ಉಳಿದದ್ದು ಒಂಬತ್ತು ಗಂಟೆ. ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದಂಥ ಕಡೆ ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೂ ಓದಬಹುದು ಅಂತ ಹೇಳಿದೆ. ಆಗ ವಾರಕ್ಕೆ ಹನ್ನೆರಡು ಗಂಟೆ ಸಾಕು. ಪಾಂಡವಪುರ ಬರುವವರೆಗೂ ಇಬ್ಬರೂ ಕೂತು ಇನ್ನು ಮೂರು ಗಂಟೆ ಹುಡುಕಿದೆವು. ಎರಡು ಸಿಕ್ಕಿತು. ಉಳಿದ ಒಂದನ್ನು ಅವರ ಅಮ್ಮನ ಹತ್ತಿರ ಕೇಳುತ್ತೇನೆ ಅಂದಿದ್ದಾಳೆ.

ನಮಸ್ಕಾರ.